ಗಡಿ ಜಗಳ ಮೈದಾನಕ್ಕಿಳಿದಾಗ: ಕೊಲಂಬಸ್‌ನಿಂದ ಆನ್ ಆರ್ಬರ್‌ಗೆ ಒಂದು ದಿನದ ದಾರಿ

ಗಡಿ ತಕರಾರು ಅಂದರೆ ಏನೆಂದು ಗಡಿನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾಜನ ವರದಿ, ಬಸ್ಸಿನ ಬೋರ್ಡಿನ ಮೇಲಿನ ಅಕ್ಷರ, ಕನ್ನಡ ಶಾಲೆಗೆ ಬರುವ ಕನ್ನಡ ಬಾರದ ಮೇಷ್ಟ್ರು, ಎಲ್ಲವೂ ಮನೆಮನೆಯ ಮಾತು. ಆದರೆ ಅಮೆರಿಕದಲ್ಲೂ ಒಂದು ಪಟ್ಟಿ ನೆಲಕ್ಕಾಗಿ ಎರಡು ಸೀಮೆಯವರು ಬಂದೂಕು ಹಿಡಿದು ಎದುರುಬದುರು ನಿಂತಿದ್ದರು ಎಂದರೆ ಬಹಳ ಮಂದಿ ನಂಬಲಿಕ್ಕಿಲ್ಲ. ಆ ಎರಡು ಸೀಮೆಯವರು ಇವತ್ತಿಗೂ ವರ್ಷಕ್ಕೊಂದು ಸಲ, ನವೆಂಬರ್ ಕೊನೆಯ ಶನಿವಾರ, ಎದುರಾಗುತ್ತಾರೆ. ಬಂದೂಕಿನ ಜಾಗಕ್ಕೆ ಒಂದು ಚೆಂಡು ಬಂದಿದೆ, ಅಷ್ಟೆ.

ಒಂದು ಕಡೆ ಒಹಾಯೊ ರಾಜ್ಯ, ಇನ್ನೊಂದು ಕಡೆ ಮಿಷಿಗನ್. ಆಡುವವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಸಮ ಸಂಖ್ಯೆಯ ವರ್ಷಗಳಲ್ಲಿ ಆಟ ಒಹಾಯೊದ ರಾಜಧಾನಿ ಕೊಲಂಬಸ್‌ನಲ್ಲಿ, ಬೆಸ ಸಂಖ್ಯೆಯ ವರ್ಷಗಳಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ. ಎರಡು ಊರುಗಳ ನಡುವೆ ಸುಮಾರು 300 ಕಿಲೋಮೀಟರ್. ಕಾರಿನಲ್ಲಿ ಮೂರು ತಾಸಿನ ಮೇಲೆ ಸ್ವಲ್ಪ. ಆ ದಾರಿಯ ಮಧ್ಯದಲ್ಲಿ, ಹಳೆಯ ಜಗಳಕ್ಕೆ ಕಾರಣವಾದ ನೆಲದ ಮೇಲೆಯೇ ಹಾದು, ಒಹಾಯೊದ ಅಭಿಮಾನಿಗಳು ಎದುರಾಳಿಯ ಊರಿಗೆ ಹೋಗುತ್ತಾರೆ. ಗಡಿಯಲ್ಲಿ ಬದುಕುವವರು ಕೇಳಬೇಕಾದ ದಾರಿ ಅದು.

ಅಕ್ಷರಕ್ಕೆ ಅಡ್ಡಗೆರೆ

ಆಟ ಶುರುವಾಗುವುದು ಮಧ್ಯಾಹ್ನ 12ಕ್ಕೆ. ಕಾರು ನಿಲ್ಲಿಸಲು ಜಾಗ ಸಿಗಬೇಕೆಂದರೆ ಕೊಲಂಬಸ್‌ನಿಂದ ಬೆಳಗಿನ ಐದಕ್ಕೇ ಹೊರಡಬೇಕು. ನವೆಂಬರ್ ಕೊನೆಗೆ ಅಲ್ಲಿ ಬೆಳಕು ಹರಿಯುವುದೇ ಏಳೂವರೆ ಸುಮಾರಿಗೆ. ಕತ್ತಲಲ್ಲೇ ಡಿಕ್ಕಿಗೆ ಕಂಬಳಿ, ಮಡಚುವ ಕುರ್ಚಿ, ಒಲೆ, ತಿಂಡಿ ಡಬ್ಬ ಎಲ್ಲ ಏರುತ್ತವೆ. ಮೈಮೇಲೆ ಕಡುಗೆಂಪು ಅಂಗಿ. ಒಹಾಯೊದವರ ಬಣ್ಣ ಕಡುಗೆಂಪು ಮತ್ತು ಬೂದು; ಮಿಷಿಗನ್‌ನವರದು ಮೆಕ್ಕೆಜೋಳದ ಹಳದಿ ಮತ್ತು ನೀಲಿ. ಕನ್ನಡದ ಬಾವುಟದಲ್ಲಿ ಒಟ್ಟಿಗೆ ಇರುವ ಹಳದಿ–ಕೆಂಪು ಅಲ್ಲಿ ಒಂದಕ್ಕೊಂದು ಆಗದ ಬಣ್ಣಗಳು!

ಆ ವಾರ ಕೊಲಂಬಸ್‌ನ ವಿಶ್ವವಿದ್ಯಾಲಯದ ಆವರಣ ನೋಡಬೇಕು. ಕಟ್ಟಡಗಳ ಹೆಸರು, ದಾರಿ ತೋರಿಸುವ ಫಲಕ, ಎಲ್ಲಿ ‘ಎಮ್’ ಅಕ್ಷರ ಕಂಡರೂ ಅದರ ಮೇಲೆ ಕೆಂಪು ಪಟ್ಟಿಯ ಅಡ್ಡಗೆರೆ. ಮಿಷಿಗನ್ನಿನ ಮೊದಲ ಅಕ್ಷರ ಅದು, ಅದಕ್ಕೇ ಆ ವಾರ ಆ ಅಕ್ಷರಕ್ಕೆ ಜಾಗವಿಲ್ಲ. ಮಾತಿನಲ್ಲೂ ಹಾಗೆಯೇ. ಎದುರಾಳಿಯ ಹೆಸರು ಎತ್ತುವುದಿಲ್ಲ, ‘ಆ ಬಡಗಣ ತಂಡ’ ಅನ್ನುತ್ತಾರೆ. ಫಲಕದ ಅಕ್ಷರಕ್ಕೆ ಮಸಿ ಬಳಿಯುವುದು ಗಡಿನಾಡಿನವರಿಗೆ ಹೊಸತಲ್ಲ. ವ್ಯತ್ಯಾಸ ಏನೆಂದರೆ, ಅಲ್ಲಿ ಆಟ ಮುಗಿದ ಮೇಲೆ ಪಟ್ಟಿಯನ್ನು ಅಂಟಿಸಿದವರೇ ಕಿತ್ತು ತೆಗೆಯುತ್ತಾರೆ.

ಕೆಸರಿನ ಸೀಮೆ

ಕೊಲಂಬಸ್ ಬಿಟ್ಟು 23ನೇ ನಂಬರಿನ ಹೆದ್ದಾರಿ ಹಿಡಿದರೆ ಡೆಲಾವೇರ್, ಮೇರಿಯನ್ ಎಂಬ ಊರುಗಳು. ಎರಡೂ ಬದಿ ಕಟಾವು ಮುಗಿದ ಜೋಳ, ಸೋಯಾ ಹೊಲ. ನೆಲ ಸಪಾಟು, ಗುಡ್ಡವೇ ಇಲ್ಲ. ರಾಯದುರ್ಗ, ಆದೋನಿ ಕಡೆಯವರಿಗೆ ಇಂತಹ ಬಯಲು ಪರಿಚಿತ. ಕಾಸರಗೋಡಿನವರಿಗೆ ಮಾತ್ರ ಬೇಸರ ಬಂದೀತು.

ಅರ್ಧ ದಾರಿಗೆ ಮೊದಲೇ ಅಪ್ಪರ್ ಸ್ಯಾಂಡಸ್ಕಿ ಎಂಬ ಊರು ಸಿಗುತ್ತದೆ. ವೈಯಂಡಾಟ್ ಎಂಬ ಮೂಲನಿವಾಸಿ ಬುಡಕಟ್ಟಿನವರ ಕೊನೆಯ ನೆಲೆ ಇದು. 1842ರ ಒಪ್ಪಂದದಂತೆ ಇಲ್ಲಿನ ಭೂಮಿ ಬಿಟ್ಟುಕೊಟ್ಟು, 1843ರ ಬೇಸಿಗೆಯಲ್ಲಿ ಅವರು ಪಶ್ಚಿಮದ ಕಾನ್ಸಾಸ್ ಕಡೆಗೆ ಹೊರಟರು. ಒಹಾಯೊ ಬಿಟ್ಟುಹೋದ ಕಟ್ಟಕಡೆಯ ಬುಡಕಟ್ಟು ಅವರದು. ಎರಡು ಸೀಮೆಯವರು ‘ನೆಲ ನಮ್ಮದು’ ಎಂದು ಜಗಳಾಡಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಆ ನೆಲದ ಮೊದಲ ಒಡೆಯರನ್ನು ಆ ಜಗಳದಲ್ಲಿ ಯಾರೂ ಕೇಳಿದ್ದಿಲ್ಲ. ಗಡಿ ಕಥೆ ಹೇಳುವಾಗ ಈ ಊರನ್ನು ಹಾರಿಸಿ ಮುಂದೆ ಹೋಗುವ ಹಾಗಿಲ್ಲ.

ಫಿಂಡ್ಲೆ ಎಂಬ ಊರಿನ ಬಳಿ 75ನೇ ನಂಬರಿನ ಇಂಟರ್‌ಸ್ಟೇಟ್ ಹೆದ್ದಾರಿ ಸೇರಿದರೆ ಅಲ್ಲಿಂದ ಮುಂದೆ ಒಂದು ಕಾಲಕ್ಕೆ ಎಲ್ಲವೂ ಕೆಸರು ಕಾಡು. ಅದಕ್ಕೆ ‘ದೊಡ್ಡ ಕಪ್ಪು ಜೌಗು’ ಎಂದೇ ಹೆಸರಿತ್ತು. ಎತ್ತಿನ ಗಾಡಿ ಹೂತುಹೋಗುವ ಜಾಗ, ಸೊಳ್ಳೆಯ ಕಾಟ, ಚಳಿಜ್ವರ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಾಲುವೆ ತೋಡಿ, ನೆಲದಡಿ ಹಂಚಿನ ಕೊಳವೆ ಹೂಳಿ ನೀರು ಬಸಿದ ಮೇಲೆ ಅದೇ ನೆಲ ಬಂಗಾರದಂತಹ ಹೊಲವಾಯಿತು.

ಜೌಗು ಮುಗಿಯುವಲ್ಲಿ ಮೌಮಿ ನದಿ. ದಂಡೆಯ ಮೇಲೆ ಮೀಗ್ಸ್ ಕೋಟೆ. ಇದೇ ಪ್ರದೇಶದಲ್ಲಿ 1817ರಲ್ಲಿ ಬುಡಕಟ್ಟುಗಳ ಜೊತೆ ಒಂದು ಒಪ್ಪಂದ ನಡೆಯಿತು. ಅದರಲ್ಲಿ ಒಡಾವಾ, ಒಜಿಬ್ವೆ, ಪೊಟವಾಟಮಿ ಜನರು ಡೆಟ್ರಾಯಿಟ್‌ನಲ್ಲಿ ಆಗಷ್ಟೇ ಹುಟ್ಟುತ್ತಿದ್ದ ಒಂದು ವಿದ್ಯಾಸಂಸ್ಥೆಗೆ ಭೂಮಿ ಬಿಟ್ಟುಕೊಟ್ಟರು. ಆ ಸಂಸ್ಥೆಯೇ ಇವತ್ತಿನ ಮಿಷಿಗನ್ ವಿಶ್ವವಿದ್ಯಾಲಯ. 1837ರಲ್ಲಿ ಅದು ಆನ್ ಆರ್ಬರ್‌ಗೆ ಬಂತು.

ಎರಡು ಗೆರೆ, ನಡುವೆ ಒಂದು ಊರು

ನದಿ ದಾಟಿದರೆ ಟೊಲೀಡೊ ನಗರದ ಹೊರವಲಯ. ಜಗಳ ನಡೆದದ್ದು ಈ ಊರಿಗಾಗಿ.

ಮೂಲ ತಪ್ಪು ಒಂದು ನಕಾಶೆಯದು. 1787ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಾಯವ್ಯ ಸೀಮೆಗೆ ಒಂದು ಶಾಸನ ಮಾಡಿತು. ಮಿಷಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ ಅದೇ ಗಡಿ ಎಂದು ಅದರಲ್ಲಿತ್ತು. ಆದರೆ ಅವರ ಕೈಲಿದ್ದ ಹಳೆಯ ನಕಾಶೆಯಲ್ಲಿ ಸರೋವರದ ತುದಿ ಇರುವುದಕ್ಕಿಂತ ಬಹಳ ಉತ್ತರದಲ್ಲಿತ್ತು. ಆ ನಕಾಶೆ ನಂಬಿದರೆ ಮೌಮಿ ನದಿಯ ಮುಖ ಒಹಾಯೊದ ಪಾಲು. ನೆಲದ ಮೇಲೆ ಹೋಗಿ ಅಳೆದರೆ ಅದು ಮಿಷಿಗನ್ ಪಾಲು. ಒಹಾಯೊದವರು ಚಾಣಾಕ್ಷರು. 1803ರಲ್ಲಿ ರಾಜ್ಯವಾಗುವ ಹೊತ್ತಿಗೆ, ಹೇಗೂ ಇರಲಿ ಎಂದು, ಗಡಿ ಗೆರೆ ಮೌಮಿ ಕೊಲ್ಲಿಯ ಉತ್ತರ ಮೂಲೆಗೇ ಮುಟ್ಟಬೇಕು ಎಂಬ ಮಾತನ್ನು ತಮ್ಮ ಸಂವಿಧಾನದಲ್ಲಿ ಸೇರಿಸಿಟ್ಟುಕೊಂಡರು.

ಆಮೇಲೆ ಸರ್ವೆ. 1817ರಲ್ಲಿ ಹ್ಯಾರಿಸ್ ಎಂಬ ಸರ್ವೇಯರ್ ಒಹಾಯೊಗೆ ಒಪ್ಪುವಂತೆ ಒಂದು ಗೆರೆ ಎಳೆದ. ಮರುವರ್ಷ ಫುಲ್ಟನ್ ಎಂಬವ ಮಿಷಿಗನ್‌ಗೆ ಒಪ್ಪುವಂತೆ ಇನ್ನೊಂದು ಎಳೆದ. ಎರಡು ಗೆರೆಗಳ ನಡುವೆ ಉಳಿದದ್ದು ಪಶ್ಚಿಮದಲ್ಲಿ 5 ಮೈಲು, ಪೂರ್ವದಲ್ಲಿ 8 ಮೈಲು ಅಗಲದ ಒಂದು ಪಟ್ಟಿ. ಒಟ್ಟು 468 ಚದರ ಮೈಲು. ಮೊದಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1825ರಲ್ಲಿ ನ್ಯೂಯಾರ್ಕ್ ಕಡೆಯ ಈರಿ ಕಾಲುವೆ ತೆರೆದು ಸರೋವರಗಳ ಮೂಲಕ ಸರಕು ಸಾಗಣೆ ಶುರುವಾದ ಮೇಲೆ ನದಿ ಮುಖದ ಬಂದರಿಗೆ ಬೆಲೆ ಬಂತು. ಅಲ್ಲಿಂದ ಜಗಳ.

1835ರಲ್ಲಿ ಮಿಷಿಗನ್ ಇನ್ನೂ ರಾಜ್ಯವಾಗಿರಲಿಲ್ಲ, ಕೇಂದ್ರದ ಆಡಳಿತದ ಸೀಮೆಯಾಗಿತ್ತು. ಅಲ್ಲಿನ ಹಂಗಾಮಿ ಗವರ್ನರ್ ಸ್ಟೀವನ್ಸ್ ಮೇಸನ್‌ಗೆ ಆಗ 23 ವರ್ಷ. ಹುಡುಗು ಬುದ್ಧಿ, ಬಿಸಿ ರಕ್ತ. ಆ ಪಟ್ಟಿಯಲ್ಲಿ ಯಾರಾದರೂ ಒಹಾಯೊ ಪರವಾಗಿ ಸರಕಾರಿ ಕೆಲಸ ಮಾಡಿದರೆ 1,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಕಠಿಣ ಶಿಕ್ಷೆ ಎಂಬ ಕಾಯ್ದೆ ಬಂತು. ಒಹಾಯೊದ ಗವರ್ನರ್ ರಾಬರ್ಟ್ ಲೂಕಸ್ ಸುಮ್ಮನಿರುವವನಲ್ಲ. ವಿವಾದದ ನೆಲಕ್ಕೆ ತನ್ನದೇ ಹೆಸರಿನ ‘ಲೂಕಸ್ ಕೌಂಟಿ’ ಎಂದು ನಾಮಕರಣ ಮಾಡಿಸಿದ. ಎರಡೂ ಕಡೆ ನಾಗರಿಕ ಪಡೆ ಜಮಾಯಿಸಿತು. ಏಪ್ರಿಲ್ 26ರಂದು ಗೆರೆ ಗುರುತಿಸಲು ಬಂದ ಒಹಾಯೊ ಸರ್ವೆ ತಂಡದ ಮೇಲೆ ಮಿಷಿಗನ್‌ನವರು ಮುಗಿಬಿದ್ದು 9 ಮಂದಿಯನ್ನು ಹಿಡಿದರು. ಗುಂಡು ಹಾರಿದ್ದು ತಲೆಯ ಮೇಲಿಂದ, ಯಾರಿಗೂ ತಾಗಲಿಲ್ಲ.

ಇಡೀ ಯುದ್ಧದಲ್ಲಿ ರಕ್ತ ಸುರಿದದ್ದು ಒಬ್ಬನದು. ಜುಲೈ 15ರಂದು ಟೊಲೀಡೊದಲ್ಲಿ ಒಬ್ಬನನ್ನು ಬಂಧಿಸಲು ಬಂದ ಮಿಷಿಗನ್ ಕಡೆಯ ಉಪ ಶೆರಿಫನಿಗೆ ಪೆನ್ನು ಕೆತ್ತುವ ಚಾಕುವಿನಿಂದ ಇರಿತವಾಯಿತು. ಆತ ಬದುಕಿಕೊಂಡ. ಇರಿದವನ ಹೆಸರು ‘ಟೂ’ ಸ್ಟಿಕ್ನಿ. ಅವನ ಅಪ್ಪ ಮಕ್ಕಳಿಗೆ ಒಂದು, ಎರಡು ಎಂದೇ ಹೆಸರಿಟ್ಟಿದ್ದ ಪುಣ್ಯಾತ್ಮ!

ಟೋಪಿಯೊಳಗಿನ ದಾಖಲೆ

ಇನ್ನೊಂದು ಪ್ರಸಂಗ ಕೇಳಿದರೆ ನಗು ಬರುತ್ತದೆ. ನೆಲ ತಮ್ಮದೆಂದು ತೋರಿಸಲು ಒಹಾಯೊದವರಿಗೆ ಅಲ್ಲಿ ಒಂದು ನ್ಯಾಯಾಲಯ ನಡೆಸಬೇಕಿತ್ತು. ಹಗಲಲ್ಲಿ ನಡೆಸಿದರೆ ಮಿಷಿಗನ್‌ನವರು ಬಿಡುವುದಿಲ್ಲ. 1835ರ ಸೆಪ್ಟೆಂಬರ್ 7ರ ನಡುರಾತ್ರಿ ನ್ಯಾಯಾಧೀಶರು ಕಾವಲಿನ ಜೊತೆ ಟೊಲೀಡೊದ ಒಂದು ಶಾಲೆಯೊಳಗೆ ನುಗ್ಗಿ, ಮೇಣದ ಬತ್ತಿಯ ಬೆಳಕಲ್ಲಿ ಕಲಾಪ ನಡೆಸಿ, ದಾಖಲೆ ಬರೆದು ಎದ್ದುಬಿಟ್ಟರು. ಆ ಕಾಗದ ಗುಮಾಸ್ತನ ಎತ್ತರದ ಟೋಪಿಯೊಳಗಿತ್ತು. ‘ಮಿಷಿಗನ್‌ನವರು ಬಂದರು’ ಎಂದು ಯಾರೋ ಸುಳ್ಳು ಕೂಗಿದ್ದಕ್ಕೆ ಎಲ್ಲರೂ ದಿಕ್ಕಾಪಾಲು. ಓಡುವ ಭರದಲ್ಲಿ ಟೋಪಿ ಬಿತ್ತು. ಅದನ್ನು ಹುಡುಕಲು ಮತ್ತೆ ಹಿಂದೆ ಬಂದರು ಎಂದು ಅಲ್ಲಿನ ಸ್ಥಳೀಯ ಚರಿತ್ರೆಗಳು ಹೇಳುತ್ತವೆ. ಸರಕಾರಿ ಕಾಗದ ಇದ್ದರೆ ಊರೇ ಇದ್ದಂತೆ, ಅದು ಕಳೆದರೆ ಊರೇ ಕಳೆದಂತೆ. ಇದು ಗಡಿಯ ಜನರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

‘ಹಂಗಾದ್ರ ಕಡೀಕ ಆ ಊರು ಯಾರಿಗಿ ಹೋತ್ರಿ?’ ಎಂದು ಅಕ್ಕಲಕೋಟೆ ಕಡೆಯವರು ಕೇಳಿಯಾರು. ಒಹಾಯೊಗೆ ಹೋಯಿತು. ಗೆರೆಯ ನ್ಯಾಯ ಮಿಷಿಗನ್ ಕಡೆಗಿದ್ದರೂ ಓಟಿನ ಲೆಕ್ಕ ಒಹಾಯೊ ಕಡೆಗಿತ್ತು. ಒಹಾಯೊ ಆಗಲೇ ರಾಜ್ಯ, ಅದಕ್ಕೆ ಕಾಂಗ್ರೆಸ್ಸಿನಲ್ಲಿ ಸದಸ್ಯರಿದ್ದರು. ಮುಂದೆ 1836ರ ಅಧ್ಯಕ್ಷ ಚುನಾವಣೆ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೇಸನ್‌ನನ್ನು ಹುದ್ದೆಯಿಂದ ಕಿತ್ತುಹಾಕಿದರು. ಟೊಲೀಡೊ ಬಿಟ್ಟುಕೊಟ್ಟರೆ ಮಾತ್ರ ಮಿಷಿಗನ್‌ಗೆ ರಾಜ್ಯದ ಪಟ್ಟ ಎಂಬ ಷರತ್ತು ಬಂತು. ಬದಲಿಗೆ ಸರೋವರದಾಚೆಯ ಮೇಲಿನ ಪರ್ಯಾಯ ದ್ವೀಪದ ಬಹುಭಾಗ. 1836ರ ಸೆಪ್ಟೆಂಬರ್‌ನಲ್ಲಿ ಆನ್ ಆರ್ಬರ್‌ನಲ್ಲಿ ಸೇರಿದ ಸಭೆ ಈ ಷರತ್ತನ್ನು ತಿರಸ್ಕರಿಸಿತು. ಆದರೆ ಖಜಾನೆ ಖಾಲಿ. ಡಿಸೆಂಬರ್ 14ರಂದು ಕೊರೆವ ಚಳಿಯಲ್ಲಿ ಅದೇ ಊರಲ್ಲಿ ಇನ್ನೊಂದು ಸಭೆ ಸೇರಿ ಒಪ್ಪಿಕೊಂಡಿತು. ‘ಚಳಿಗೆ ಮರಗಟ್ಟಿದ ಸಭೆ’ ಎಂದೇ ಅದರ ಹೆಸರು. 1837ರ ಜನವರಿ 26ರಂದು ಮಿಷಿಗನ್ 26ನೇ ರಾಜ್ಯವಾಯಿತು.

ಕೊಟ್ಟದ್ದು ಕಾಡು, ಹಿಮ, ಬರಡು ಎಂದು ಮಿಷಿಗನ್‌ನವರು ಗೊಣಗಿದರು. ಹತ್ತು ವರ್ಷ ಕಳೆಯುವುದರೊಳಗೆ ಆ ‘ಬರಡು’ ನೆಲದಲ್ಲಿ ತಾಮ್ರ ಸಿಕ್ಕಿತು, ಕಬ್ಬಿಣದ ಅದಿರು ಸಿಕ್ಕಿತು. ಸೋತವರೇ ಗೆದ್ದ ಹಾಗಾಯಿತು.

ಚೆಕ್‌ಪೋಸ್ಟ್ ಇಲ್ಲದ ಗಡಿ

ಈಗ ಟೊಲೀಡೊದ ಪಶ್ಚಿಮಕ್ಕೆ ಸುತ್ತಿ, ಸಿಲ್ವೇನಿಯಾ ಊರು ದಾಟಿದರೆ ರಾಜ್ಯದ ಗಡಿ. ‘ಚೆಕ್‌ಪೋಸ್ಟ್ ಇಲ್ಲವಾ ಮಾರಾಯ್ರೆ?’ ಎಂದರೆ ಇಲ್ಲ. ಒಂದು ಸ್ವಾಗತ ಫಲಕ ಉಂಟು, ಅಷ್ಟೆ. ಗಂಟೆಗೆ 70 ಮೈಲು ವೇಗದಲ್ಲಿ ಕಾರು ಹೋಗುವಾಗ ಫಲಕ ಕಣ್ಣಿಗೆ ಬೀಳುವ ಮೊದಲೇ ಗಡಿ ಹಿಂದೆ ಬಿದ್ದಿರುತ್ತದೆ. ಗೆರೆಯುದ್ದಕ್ಕೂ ಗ್ರಾನೈಟ್ ಕಲ್ಲು ನೆಟ್ಟದ್ದು 1915ರಲ್ಲಿ. ಆಗ ಮತ್ತೆ ಸರ್ವೆ ಮಾಡಿಸಿ, ಎರಡೂ ರಾಜ್ಯದ ಗವರ್ನರುಗಳು ಗೆರೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು ಕೈಕುಲುಕಿದರು. ಈರಿ ಸರೋವರದ ನೀರಿನೊಳಗಿನ ಗಡಿ ಮಾತ್ರ ಸುಪ್ರೀಂ ಕೋರ್ಟ್‌ಗೆ ಹೋಗಿ 1973ರಲ್ಲಿ ತೀರ್ಮಾನವಾಯಿತು. ಅಂದರೆ ಮೊದಲ ಗೆರೆಯಿಂದ ಕೊನೆಯ ತೀರ್ಪಿಗೆ ಒಂದೂವರೆ ನೂರು ವರ್ಷ ಹಿಡಿದಿದೆ.

ಗಡಿಯ ಆಚೀಚೆ ಮನೆ–ಕೆಲಸ ಇಟ್ಟುಕೊಂಡವರು ಅಲ್ಲಿ ಬಹಳ ಮಂದಿ. ಮಿಷಿಗನ್‌ನಲ್ಲಿ ಮನೆ, ಟೊಲೀಡೊದಲ್ಲಿ ನೌಕರಿ. ಇಂಥವರಿಗಾಗಿ ಎರಡು ರಾಜ್ಯಗಳ ನಡುವೆ ಆದಾಯ ತೆರಿಗೆಯ ಒಪ್ಪಂದ ಇದೆ. ಸಂಬಳದ ಮೇಲಿನ ರಾಜ್ಯ ತೆರಿಗೆಯನ್ನು ಮನೆ ಇರುವ ರಾಜ್ಯಕ್ಕೆ ಕಟ್ಟಿದರೆ ಸಾಕು, ಎರಡೂ ಕಡೆ ಕಟ್ಟಬೇಕಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯ ಕಲಂ ಇರುವುದು ಇಂತಹದೇ ಆಲೋಚನೆಯಿಂದ. ಗೆರೆ ಸರಿಸುವುದು ಕಷ್ಟ. ಗೆರೆಯಿಂದಾಗುವ ತೊಂದರೆಯನ್ನು ಕಾಗದದ ಮೇಲೆ ಕಡಿಮೆ ಮಾಡುವುದು ಅಷ್ಟು ಕಷ್ಟವಲ್ಲ.

ಗಡಿ ದಾಟುವಾಗ ಒಹಾಯೊದವರು ತಪ್ಪದೆ ಹೇಳುವ ಒಂದು ಕಥೆ ಉಂಟು. ವುಡಿ ಹೇಯ್ಸ್ 1951ರಿಂದ 1978ರವರೆಗೆ ಒಹಾಯೊ ಸ್ಟೇಟ್ ತಂಡದ ತರಬೇತುದಾರ. ಒಮ್ಮೆ ಮಿಷಿಗನ್‌ನಿಂದ ಮರಳುವಾಗ ಕಾರಿನ ಪೆಟ್ರೋಲು ತಳ ಹಿಡಿಯಿತಂತೆ. ಜೊತೆಗಿದ್ದವರು ಬಂಕಿಗೆ ಹೋಗೋಣ ಎಂದರೆ, ‘ಈ ರಾಜ್ಯದಲ್ಲಿ ಒಂದು ಹನಿಯೂ ಕೊಳ್ಳುವುದಿಲ್ಲ, ಬೇಕಾದರೆ ಗಡಿಯವರೆಗೆ ಕಾರು ತಳ್ಳುತ್ತೇನೆ’ ಎಂಬ ಅರ್ಥದಲ್ಲಿ ಹೇಳಿದರಂತೆ. ನಿಜವೋ ಸುಳ್ಳೋ, ಕಥೆ ಮಾತ್ರ ಗಡಿಯಷ್ಟೇ ಗಟ್ಟಿ. ಈಗಿನ ಅಭಿಮಾನಿಗಳಲ್ಲೂ ಕೊಲಂಬಸ್ ಬಿಡುವಾಗಲೇ ಟ್ಯಾಂಕು ತುಂಬಿಸಿಕೊಳ್ಳುವವರು ಇದ್ದಾರೆ. ಪೆಟ್ರೋಲಿನ ದರ ನೋಡಿ ಗಡಿಯ ಯಾವ ಬದಿ ಹಾಕಿಸುವುದೆಂದು ಲೆಕ್ಕ ಹಾಕುವ ತಲಪಾಡಿಯವರಿಗೆ ಇದು ವಿಚಿತ್ರ ಅನ್ನಿಸಬಹುದು!

ನೆಲದೊಳಗಿನ ಮೈದಾನ

ಎಂಟೂವರೆ ಹೊತ್ತಿಗೆ ಆನ್ ಆರ್ಬರ್. ಮೈದಾನದ ಎದುರಿನ ಪಯನಿಯರ್ ಹೈಸ್ಕೂಲಿನ ಅಂಗಳ, ವಿಶ್ವವಿದ್ಯಾಲಯದ ಗಾಲ್ಫ್ ಹುಲ್ಲುಗಾವಲು, ಎಲ್ಲ ಕಾರುಗಳಿಂದ ತುಂಬಿರುತ್ತದೆ. ಡಿಕ್ಕಿ ತೆರೆದು, ಒಲೆ ಹಚ್ಚಿ, ಮಾಂಸ ಸುಟ್ಟು, ಬಿಸಿ ಬಿಸಿ ತಿಂದು ಹಂಚುವುದು ಅಲ್ಲಿನ ಸಂಪ್ರದಾಯ. ಕೆಂಪು ಅಂಗಿಯವರ ಪಕ್ಕದಲ್ಲೇ ಹಳದಿ ಅಂಗಿಯವರು. ಕೀಟಲೆ, ಕುಚೋದ್ಯ ಧಾರಾಳ. ಆದರೂ ಒಲೆ ಆರಿದವರಿಗೆ ಪಕ್ಕದವರು ಬೆಂಕಿ ಕೊಡುತ್ತಾರೆ.

ಮಿಷಿಗನ್ ಸೀಮೆಯಲ್ಲಿ ಕನ್ನಡಿಗರೂ ಕಡಿಮೆ ಇಲ್ಲ. ಡೆಟ್ರಾಯಿಟ್ ಸುತ್ತಿನ ಮೋಟಾರು ಕಂಪೆನಿಗಳಿಗೆ ಕೆಲಸಕ್ಕೆ ಹೋದವರು ಅಲ್ಲಿ ಪಂಪ ಕನ್ನಡ ಕೂಟ ಕಟ್ಟಿಕೊಂಡಿದ್ದಾರೆ. 2002ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡೆಟ್ರಾಯಿಟ್‌ನಲ್ಲೇ.

ಮೈದಾನ ಹೊರಗಿನಿಂದ ನೋಡಿದರೆ ಅಷ್ಟೇನೂ ಎತ್ತರವಿಲ್ಲ. ಒಳಗೆ ಕಾಲಿಟ್ಟರೆ ಎದೆ ಝಲ್ಲೆನ್ನುತ್ತದೆ. ನೆಲ ತೋಡಿ ಬಟ್ಟಲಿನಂತೆ ಕಟ್ಟಿರುವುದರಿಂದ ಬಹುಪಾಲು ಆಸನಗಳು ನೆಲಮಟ್ಟಕ್ಕಿಂತ ಕೆಳಗೆ. 1927ರಲ್ಲಿ ತೆರೆದ ಈ ಮೈದಾನದಲ್ಲಿ 1,07,601 ಆಸನ. ಅಮೆರಿಕದಲ್ಲೇ ಅತಿ ದೊಡ್ಡದು. 2013ರ ಒಂದು ಆಟಕ್ಕೆ 1,15,109 ಮಂದಿ ಸೇರಿದ್ದು ದಾಖಲೆ. ಇಷ್ಟೆಲ್ಲ ಕಾಲೇಜು ಹುಡುಗರ ಆಟಕ್ಕೆ! ಮೊದಲು ಆಡುವವರಿಗೆ ವಿದ್ಯಾರ್ಥಿವೇತನ ಬಿಟ್ಟು ಸಂಬಳವಿರಲಿಲ್ಲ. 2021ರಿಂದ ತಮ್ಮ ಹೆಸರಿನ ಜಾಹೀರಾತಿನಿಂದ ಹಣ ಪಡೆಯಲು ಅನುಮತಿ ಸಿಕ್ಕಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು.

ಇದು ಕಾಲ್ಚೆಂಡಿನ ಫುಟ್‌ಬಾಲ್ ಅಲ್ಲ. ತೃಕ್ಕರಿಪುರದ ಮೈದಾನಗಳಲ್ಲಿ ಕಾಣುವ ಆಟ ಬೇರೆ, ಇದು ಬೇರೆ. ಚೆಂಡು ಮೊಟ್ಟೆಯಾಕಾರ, ಒಂದೊಂದು ಕಡೆ 11 ಮಂದಿ, ತಲೆಗೆ ಶಿರಸ್ತ್ರಾಣ. ಮೈದಾನ 100 ಗಜ ಉದ್ದ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಆಮೇಲಿನ ಒದೆತಕ್ಕೆ 1. ದೂರದಿಂದ ಕಂಬದ ನಡುವೆ ಒದ್ದರೆ 3. ಗಡಿಯಾರದಲ್ಲಿ 60 ನಿಮಿಷದ ಆಟ, ನಿಂತು ನಿಂತು ಮೂರೂವರೆ ತಾಸು ಹಿಡಿಯುತ್ತದೆ.

ಇಡೀ ಆಟವೇ ನೆಲ ಹಿಡಿಯುವ ಆಟ. 10 ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಬದಿಯಲ್ಲಿ ನಿಂತವರು ಎರಡು ಕೋಲಿಗೆ ಕಟ್ಟಿದ ಸರಪಳಿ ಹಿಡಿದು ಓಡಿ ಬರುತ್ತಾರೆ. ಸರಪಳಿ ಎಳೆದು, ಚೆಂಡಿನ ಮೂತಿಗೆ ಹಿಡಿದು, ಒಂದು ಅಂಗುಲದ ಲೆಕ್ಕ ನೋಡುತ್ತಾರೆ. ಲಕ್ಷ ಜನ ಉಸಿರು ಹಿಡಿದು ಕಾಯುತ್ತಾರೆ. 1835ರಲ್ಲಿ ಅದೇ ಸೀಮೆಯಲ್ಲಿ ಸರ್ವೆ ಚೈನು ಹಿಡಿದವರ ಮೇಲೆ ಗುಂಡು ಹಾರಿತ್ತು. ಈಗ ಚೈನು ಹಿಡಿದವರು ತೋರಿಸಿದ್ದಕ್ಕೆ ಕೂಗಾಟ ಇರುತ್ತದೆ, ಬೈಗುಳವೂ ಇರುತ್ತದೆ, ಆದರೆ ಆಟ ಮುಂದುವರಿಯುತ್ತದೆ.

ಬಿಸಿ ಆರದ ಪೈಪೋಟಿ

ಎರಡು ತಂಡಗಳ ಮೊದಲ ಆಟ 1897ರಲ್ಲಿ ಆನ್ ಆರ್ಬರ್‌ನಲ್ಲಿ ನಡೆಯಿತು. ಮಿಷಿಗನ್ 34–0ಯಿಂದ ಗೆದ್ದಿತ್ತು. 1918ರಿಂದ ಪ್ರತಿ ವರ್ಷ ತಪ್ಪದೆ ನಡೆದ ಆಟ 2020ರಲ್ಲಿ ಕೋವಿಡ್‌ನಿಂದ ಒಮ್ಮೆ ನಿಂತಿತು. ಗಡಿ ಜಗಳ ಮುಗಿದು ಅರವತ್ತು ವರ್ಷದ ಮೇಲೆ ಶುರುವಾದ ಆಟಕ್ಕೂ ಆ ಜಗಳಕ್ಕೂ ನೇರ ಗಂಟು ಹಾಕಲಾಗದು. ಆದರೂ ಕೇಳಿದರೆ ಎರಡೂ ಕಡೆಯವರು ಟೊಲೀಡೊದಿಂದಲೇ ಕಥೆ ಶುರು ಮಾಡುತ್ತಾರೆ. ಮಿಷಿಗನ್‌ನವರಿಗೆ ‘ವುಲ್ವರೀನ್’ ಎಂಬ ಕಾಡುಪ್ರಾಣಿಯ ಹೆಸರು ಬಂದದ್ದೇ ಆ ಯುದ್ಧದ ಹೊತ್ತಿನ ಒಹಾಯೊದವರ ಬೈಗುಳದಿಂದ ಎಂಬ ಮಾತೂ ಇದೆ. ಬೈಗುಳವನ್ನೇ ಬಿರುದು ಮಾಡಿಕೊಂಡರು ಅನ್ನಿ.

1950ರ ನವೆಂಬರ್ 25ರಂದು ಕೊಲಂಬಸ್‌ನಲ್ಲಿ ಗೆರೆಯೇ ಕಾಣದಷ್ಟು ಹಿಮ ಬೀಳುತ್ತಿರುವಾಗ ಆಡಿದರು. ಆಟದುದ್ದಕ್ಕೂ ಒಮ್ಮೆಯೂ 10 ಗಜದ ಗುರಿ ಮುಟ್ಟದ ಮಿಷಿಗನ್ ತಂಡವೇ 9–3ರಿಂದ ಗೆದ್ದಿತು. 1969ರಿಂದ 1978ರವರೆಗಿನ ಕಾಲಕ್ಕೆ ‘ಹತ್ತು ವರ್ಷದ ಯುದ್ಧ’ ಎಂದೇ ಹೆಸರು. ಒಹಾಯೊ ಕಡೆ ಗುರು ವುಡಿ ಹೇಯ್ಸ್, ಮಿಷಿಗನ್ ಕಡೆ ಒಂದು ಕಾಲಕ್ಕೆ ಅವರದೇ ಸಹಾಯಕನಾಗಿದ್ದ ಬೋ ಷೆಂಬೆಕ್ಲರ್. ಹತ್ತು ಆಟದಲ್ಲಿ ಮಿಷಿಗನ್‌ಗೆ 5, ಒಹಾಯೊಗೆ 4, ಒಂದು ಸಮ. ಷೆಂಬೆಕ್ಲರ್ ತೀರಿಕೊಂಡದ್ದು 2006ರ ನವೆಂಬರ್ 17ರಂದು, ಆ ವರ್ಷದ ಮಹಾ ಆಟದ ಹಿಂದಿನ ದಿನ. ಮರುದಿನ ಕೊಲಂಬಸ್‌ನ ಮೈದಾನದಲ್ಲಿ ಎದುರಾಳಿಯ ಜನ ಅವರಿಗಾಗಿ ಮೌನವಾಗಿ ನಿಂತರು.

ಎಲ್ಲವೂ ಸಭ್ಯ ಎಂದಲ್ಲ. 2024ರಲ್ಲಿ ಕೊಲಂಬಸ್‌ನಲ್ಲಿ 13–10ರಿಂದ ಗೆದ್ದ ಮಿಷಿಗನ್ ಹುಡುಗರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದಾಗ ಹೊಡೆದಾಟವಾಯಿತು. ಪೊಲೀಸರು ಮೆಣಸಿನ ಸ್ಪ್ರೇ ಹೊಡೆದರು, ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ 1,00,000 ಡಾಲರ್ ದಂಡ ಬಿತ್ತು. ಬಾವುಟ ನೆಡುವುದು ಎಂದರೆ ನೆಲ ನಮ್ಮದು ಎನ್ನುವುದೇ ತಾನೆ! ಹಳೆಯ ಕಿಡಿ ಬೂದಿಯಡಿ ಇನ್ನೂ ಇದೆ.

2025ರ ನವೆಂಬರ್ 29ರಂದು ಆನ್ ಆರ್ಬರ್‌ನಲ್ಲಿ ಹಿಮ ಬೀಳುತ್ತಿದ್ದ ಮಧ್ಯಾಹ್ನ ಒಹಾಯೊ ಸ್ಟೇಟ್ 27–9ರಿಂದ ಗೆದ್ದಿತು. 2021ರಿಂದ ಸತತ ನಾಲ್ಕು ವರ್ಷ ಸೋತಿದ್ದವರಿಗೆ ಆ ದಿನ ದಾರಿ ಸವೆಸಿದ್ದು ಸಾರ್ಥಕವಾಯಿತು.

ಅಲ್ಲಿಯ ಗೆರೆ, ಇಲ್ಲಿಯ ಗೆರೆ

ಹಾಗಾದರೆ ಗಡಿನಾಡಿನ ತಕರಾರನ್ನೂ ಒಂದು ಆಟದಲ್ಲಿ ಮುಗಿಸಬಹುದೇ? ಅಷ್ಟು ಸುಲಭವಲ್ಲ. ಟೊಲೀಡೊ ಯಾರಿಗೆ ಹೋದರೂ ಅಲ್ಲಿನ ಮಕ್ಕಳ ಪಾಠದ ಭಾಷೆ ಬದಲಾಗಲಿಲ್ಲ. ಕೋರ್ಟಿನ ನೋಟೀಸು, ಜಮೀನಿನ ಪಹಣಿ, ಆಸ್ಪತ್ರೆಯ ಚೀಟಿ, ಎಲ್ಲ ಮೊದಲಿದ್ದ ಇಂಗ್ಲಿಷಿನಲ್ಲೇ ಉಳಿದವು. ಗೆರೆ ಸರಿದದ್ದರಿಂದ ತೆರಿಗೆ ಕಟ್ಟುವ ಕಚೇರಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ.

ಇಲ್ಲಿ ಹಾಗಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಊರುಗಳು ಕರ್ನಾಟಕಕ್ಕೆ ಬರಬೇಕೆಂದು ಅದರಲ್ಲಿತ್ತು. ಅದು ಜಾರಿಯಾಗಲಿಲ್ಲ. ಬೆಳಗಾವಿ ಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಭೂಮಿಗಾಗಿ ಅಲ್ಲ, ಮಕ್ಕಳ ಪುಸ್ತಕಕ್ಕಾಗಿ. ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಗೆರೆಯ ಈಚೆ ಉಳಿದವರ ನುಡಿಗೆ ಏನಾಗುತ್ತದೆ ಎನ್ನುವುದು ಇಲ್ಲಿಯ ಪ್ರಶ್ನೆ. ಆ ಪ್ರಶ್ನೆಗೆ ಯಾವ ಮೈದಾನದಲ್ಲೂ ಉತ್ತರ ಸಿಗದು. ಅದು ಶಾಲೆ, ಕಚೇರಿಗಳಲ್ಲೇ ಸಿಗಬೇಕು.

ಆದರೂ ಟೊಲೀಡೊದಿಂದ ತಿಳಿಯುವುದು ಒಂದಿದೆ. ಅಲ್ಲಿ ಪೈಪೋಟಿಯನ್ನು ಯಾರೂ ಬಿಡಲಿಲ್ಲ, ಮರೆಯಲೂ ಇಲ್ಲ. ಅದಕ್ಕೆ ವರ್ಷದಲ್ಲಿ ಒಂದು ವಾರ, ಒಂದು ಮೈದಾನ, ಒಂದು ಚೆಂಡು ಗೊತ್ತುಮಾಡಿಕೊಂಡರು. ಉಳಿದ ದಿನಗಳನ್ನು ಗಡಿಯ ಮೇಲೆ ಬದುಕುವವರಿಗೆ ಬಿಟ್ಟುಕೊಟ್ಟರು. ಸೊಲ್ಲಾಪುರದ ಸಿದ್ಧರಾಮನ ಜಾತ್ರೆಗೆ, ಪಂಢರಪುರದ ವಾರಿಗೆ, ಮಂತ್ರಾಲಯಕ್ಕೆ ಜನ ಯಾವ ರಾಜ್ಯದ ನೆಲ ಎಂದು ಕೇಳಿ ಹೋಗುವುದಿಲ್ಲ. ಗಡಿ ದಾಟುವ ಅಭ್ಯಾಸ ಇಲ್ಲಿಯ ಜನಕ್ಕೂ ಇದೆ. ಆ ಅಭ್ಯಾಸಕ್ಕೆ ತಕ್ಕ ಕಾನೂನು, ಕಾಗದ ಮಾತ್ರ ಇನ್ನೂ ಸಾಲದು.

ಮೂರೂವರೆಗೆ ಆಟ ಮುಗಿದರೆ ಲಕ್ಷ ಜನ ಒಟ್ಟಿಗೆ ಹೊರಬರುತ್ತಾರೆ. ಐದಕ್ಕೆಲ್ಲ ಅಲ್ಲಿ ಕತ್ತಲೆ. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಕಾರುಗಳ ಕೆಂಪು ದೀಪದ ಸಾಲು. ಆ ಸಾಲಿನಲ್ಲಿ ಕೊಲಂಬಸ್‌ಗೆ ಮರಳುವವರ ಜೊತೆಗೆ ಟೊಲೀಡೊದವರೂ ಇರುತ್ತಾರೆ. ಒಹಾಯೊದ ಆ ಊರಿನಲ್ಲಿ ಮಿಷಿಗನ್ ಅಭಿಮಾನಿಗಳಿಗೆ ಕೊರತೆಯಿಲ್ಲ. ಒಂದೇ ಬೀದಿಯಲ್ಲಿ ಒಂದು ಮನೆಗೆ ಕೆಂಪು ಬಾವುಟ, ಪಕ್ಕದ ಮನೆಗೆ ಹಳದಿ. ಭಾನುವಾರ ಬೆಳಿಗ್ಗೆ ಸೋತವರ ಮನೆಯವರು ಸ್ವಲ್ಪ ತಡವಾಗಿ ಬಾಗಿಲು ತೆರೆಯುತ್ತಾರೆ. ಸೋಮವಾರ ಎರಡೂ ಮನೆಯವರು ಕೆಲಸಕ್ಕೆ ಹೊರಡುತ್ತಾರೆ, ಕೆಲವರು ಗೆರೆಯ ಆಚೆಗೆ, ಕೆಲವರು ಈಚೆಗೆ.